ಕಡಲೆಕಾಳು ಬಿಗಿದ ಗಂಟು

ಹೂಟಗಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಶಿವನಂಜಮ್ಮ ನರಸೀಪುರದ ಕಡೆಯಿಂದ ಸೊಸೆಯಾಗಿ ಬಂದವಳು. ಬಂದ ವಾರದಲ್ಲೇ, ಯಾರನ್ನೂ ಹತ್ತಿರ ಸೇರಿಸದ ಒದೆಯುವ ಎಮ್ಮೆಯ ಹಾಲು ಕರೆದು ಅತ್ತೆಯ ಕೈಲಿ ಸೈ ಎನಿಸಿಕೊಂಡವಳು. ಹೊಲಗಳ ಜಾಗದಲ್ಲಿ ಕಾರ್ಖಾನೆಗಳು ಎದ್ದವು, ಗಂಡ ಮಹದೇವು ಅವುಗಳಲ್ಲೊಂದರಲ್ಲಿ ಕೆಲಸಕ್ಕೆ ಸೇರಿದ. ಇವಳೂ ಸುಮ್ಮನೆ ಕೂರಲಿಲ್ಲ, ಅಲ್ಲಿನ ಕ್ಯಾಂಟೀನಿನಲ್ಲಿ ಚಪಾತಿ ಹಿಟ್ಟು ನಾದಲು ನಿಂತಳು. ದೊಡ್ಡ ಬೇಸಿನ್ನಿನ ತುಂಬ ಹಿಟ್ಟನ್ನು ಒಬ್ಬಳೇ ಗುದ್ದಿ ಗುದ್ದಿ ನಾದುವಾಗ ಊಟಕ್ಕೆ ಬಂದ ಗಂಡಸರು ಸ್ವಲ್ಪ ದೂರ ನಿಂತೇ ಮಾತಾಡುತ್ತಿದ್ದರು. ಅಂಥ ಕೈ ಅದು.

ಆ ಕೈಗೇ ಕಣ್ಣು ಬಿತ್ತು ಅನ್ನಬೇಕು. ಕಳೆದ ವರ್ಷ ಗೌರಿ ಹಬ್ಬ ಮುಗಿದ ಮಾರನೆಯ ದಿನ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಪಾಚಿಗೆ ಕಾಲು ಜಾರಿ ಬಿದ್ದವಳ ಬಲಗೈ ಮಣಿಕಟ್ಟು ಲಟಕ್ಕಂತ ಮುರಿಯಿತು. ಡಾಕ್ಟರು ಪ್ಲೇಟು ಕೂರಿಸಿದರು, ಮೂಳೆಯೂ ಕೂಡಿಕೊಂಡಿತು. ಆದರೆ ಹೋದ ಹಿಡಿತ ಮತ್ತೆ ಬರಲಿಲ್ಲ. ಒಂದು ಲೋಟ ಹಿಡಿದರೆ ಬೆರಳು ತಾನಾಗಿ ಸಡಿಲವಾಗುತ್ತಿತ್ತು.

ಇಲ್ಲಿಂದ ಶುರುವಾಯಿತು ನೋಡಿ ಮಹದೇವುವಿನ ಪ್ರೀತಿಯ ಕಾಟ. ಅಯ್ಯೋ, ಅವನನ್ನು ಬೈಯಲೂ ಮನಸ್ಸು ಬರುವುದಿಲ್ಲ. ರಿಟೈರಾಗಿ ಮನೆಯಲ್ಲಿದ್ದ ಆ ಬಡಪಾಯಿ ತರಕಾರಿ ಹೆಚ್ಚಿದ, ಸಾರು ಕಾಯಿಸಿದ, ಬೀದಿಯವರೆಲ್ಲ ನೋಡುವ ಹಾಗೆ ಜಗುಲಿಯ ಮೇಲೆ ಕೂರಿಸಿಕೊಂಡು ಹೆಂಡತಿಗೆ ಜಡೆಯನ್ನೂ ಹಾಕಿದ. ಅವಳು ಏನು ಮುಟ್ಟಲು ಹೋದರೂ ಓಡಿ ಬರುತ್ತಿದ್ದ. "ಬುಡು ಕಣಮ್ಮಿ, ನಿನ್ ಕೈಲಿ ಆಗಲ್ಲ. ನಾನಿಲ್ವಾ?" ಅವನು ಇದ್ದ, ನಿಜ. ಆದರೆ ಅವನು ಇದ್ದಷ್ಟೂ ತಾನು ಇಲ್ಲವಾಗುತ್ತಿದ್ದೇನೆ ಅನ್ನಿಸುತ್ತಿತ್ತು ಶಿವನಂಜಮ್ಮನಿಗೆ. ಸ್ವಂತ ಮನೆಯಲ್ಲಿ ನೆಂಟರ ಹಾಗೆ ಕೂತು ಉಣ್ಣುವುದು ಅವಳ ಜಾಯಮಾನವೇ ಅಲ್ಲ.

ಸಮುದಾಯ ಭವನದ ಗೋಡೆಯ ಮೇಲೆ ಬೋರ್ಡು ಕಂಡದ್ದು ಅಂಥ ಹೊತ್ತಿನಲ್ಲಿ. ಹಳೆ ಬಟ್ಟೆಗೆ ಗಂಟು ಕಟ್ಟಿ ಬಣ್ಣ ಹಾಕುವ ಟೈ ಅಂಡ್ ಡೈ ತರಗತಿ, ಹೊಸಬರಿಗೂ ಕಲಿಸುತ್ತೇವೆ, ಕೊನೆಗೆ ಎಲ್ಲರ ಕೆಲಸವನ್ನೂ ಪ್ರದರ್ಶನಕ್ಕೆ ಇಡುತ್ತೇವೆ ಎಂದಿತ್ತು. ಕಲಿಸುವವಳು ಲಾಸ್ಯ ಅನ್ನುವ ಹುಡುಗಿ. ಶಿವನಂಜಮ್ಮ ಯಾರನ್ನೂ ಕೇಳದೆ ಒಳಗೆ ಹೋಗಿ ಹೆಸರು ಬರೆಸಿ ಬಂದಳು.

ಸುದ್ದಿ ನಾದಿನಿ ಚಾಮುಂಡೇಶ್ವರಿಯ ಕಿವಿಗೆ ಬಿತ್ತು. ಮಹದೇವುವಿನ ತಂಗಿ, ಪಕ್ಕದ ಬೀದಿಯಲ್ಲೇ ಮನೆ, ಅದೇ ತರಗತಿಗೆ ಅವಳೂ ಸೇರಿದ್ದಳು. ಬಾಯಿ ಅಂದರೆ ಬಾಯಿ. "ಅಲ್ಲ ಅತ್ಗೆ, ಗಂಟು ಬಿಗಿಯೋ ಕೆಲ್ಸ ಕಣ್ರೀ ಅದು! ಸೀರೆ ನೆರಿಗೆ ಸಿಗಿಸ್ಕೊಳಕ್ಕೇ ಅಣ್ಣ ಬೇಕು ನಿಮ್ಗೆ. ನಿಮಗ್ಯಾಕೆ ಈ ಉಸಾಬರಿ?" ಎಂದಳು.

ಶಿವನಂಜಮ್ಮ ಆವತ್ತೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಳು. ಪ್ರದರ್ಶನಕ್ಕೆ ಒಂದು ಸೀರೆ ಇಡಬೇಕು, ಅದರ ಒಂದೊಂದು ಗಂಟನ್ನೂ ತಾನೇ ಹಾಕಿರಬೇಕು. ಬೇರೆ ಯಾರಾದರೂ ಒಂದೇ ಒಂದು ಗಂಟು ಮುಟ್ಟಿದರೂ ಆ ಸೀರೆ ತನ್ನದಲ್ಲ.

ಹೇಳಿದಷ್ಟು ಸುಲಭವೇ? ಬಟ್ಟೆಯೊಳಗೆ ಒಂದು ಕಾಳನ್ನೋ ಗೋಲಿಯನ್ನೋ ಇಟ್ಟು, ಕುತ್ತಿಗೆಗೆ ದಾರ ಸುತ್ತಿ ಬಿಗಿಯಬೇಕು. ಬಿಗಿದ ಕಡೆ ಬಣ್ಣ ಇಳಿಯುವುದಿಲ್ಲ, ಬಿಚ್ಚಿದಾಗ ಅಲ್ಲಿ ಬಿಳಿ ಉಂಗುರ ಮೂಡುತ್ತದೆ. ಲಾಸ್ಯ ಮಾಡಿ ತೋರಿಸಿದಾಗ ಎಲ್ಲರೂ ಆಹಾ ಎಂದರು. ಶಿವನಂಜಮ್ಮ ಗಂಡನ ಹಳೆ ಬನಿಯನ್ನಿನ ಮೇಲೆ ಒಂದು ಕೈ ನೋಡಿದಳು. ದಾರ ಸುತ್ತಲೇನೋ ಬಂತು, ಎಳೆದು ಬಿಗಿಯಲು ಬೆರಳು ಕೇಳಲಿಲ್ಲ. ಬಣ್ಣದಿಂದ ತೆಗೆದರೆ ಉಂಗುರವೂ ಇಲ್ಲ, ಗಿಂಗುರವೂ ಇಲ್ಲ, ಬನಿಯನ್ ಇಡಿಯಾಗಿ ಬೀಟ್‌ರೂಟ್ ಪಲ್ಯದ ಬಣ್ಣಕ್ಕೆ ತಿರುಗಿತ್ತು. ದಿಂಬಿನ ಕವರಿನದೂ ಅದೇ ಗತಿಯಾಯಿತು.

"ಕೊಡಿಲ್ಲಿ, ನಾನು ಬಿಗಿದುಕೊಡ್ತೀನಿ. ಯಾರಿಗ್ ಗೊತ್ತಾಯ್ತದೆ?" ಎಂದ ಮಹದೇವು.

"ನಂಗ್ ಗೊತ್ತಾಯ್ತದಲ್ಲ!" ಎಂದು ರೇಗಿದಳು ಶಿವನಂಜಮ್ಮ. ಅವನು ಬೆಪ್ಪಾಗಿ ಆಚೆ ಹೋದ.

ಪೆಟ್ಟಿಗೆಯಲ್ಲಿ ಅವಳದೊಂದು ಕೆನೆಬಣ್ಣದ ಹತ್ತಿ ಸೀರೆ ಇತ್ತು. ಬಹಳ ಇಷ್ಟದ್ದು. ಒಂದು ಹಬ್ಬಕ್ಕೆ ಬಾಳೆಕಂದು ಕಡಿಯುವಾಗ ಸೆರಗಿಗೆ ಬಾಳೆಯ ಕರೆ ಹತ್ತಿ ಮೂಲೆಗೆ ಬಿದ್ದಿತ್ತು. ಬಾಳೆ ಕರೆ ಯಾವ ಸೋಪಿಗೆ ಹೋಗುತ್ತದೆ ಹೇಳಿ? ಅದನ್ನೇ ಹೊರಗೆ ತೆಗೆದಳು. ಮಹದೇವು ಪೇಟೆಗೆ ಹೋದಾಗಲೆಲ್ಲ ಡಬ್ಬಿಯ ಕಡಲೆಕಾಳು ತೆಗೆದುಕೊಂಡು, ಬಲಗೈಯಲ್ಲಿ ಬಟ್ಟೆ ಒತ್ತಿ ಹಿಡಿದು, ಎಡಗೈಯಲ್ಲಿ ದಾರ ಸುತ್ತಿ, ಕೊನೆಯನ್ನು ಹಲ್ಲಿನಿಂದ ಎಳೆದು ಗಂಟು ಹಾಕುತ್ತ ಹೋದಳು. ಗಂಟೇನೋ ಬಿತ್ತು, ಆದರೆ ಎಲ್ಲವೂ ಸಡಿಲ, ಒಳಗಿನ ಕಾಳು ಗಿಲಕಿಯಂತೆ ಅಲ್ಲಾಡುತ್ತಿತ್ತು. ಇದೂ ಬನಿಯನ್ನಿನ ದಾರಿಯನ್ನೇ ಹಿಡಿಯುತ್ತದೆ ಎಂದು ಗೊತ್ತಿದ್ದೂ ಹಟಕ್ಕೆ ಬಿದ್ದು ಕಟ್ಟಿದಳು.

ಬಣ್ಣ ಹಾಕುವ ಮುಂಚೆ ಬಟ್ಟೆ ಒದ್ದೆಯಾಗಿರಬೇಕು ಎಂದು ಲಾಸ್ಯ ಹೇಳಿದ್ದಳು. ಸೀರೆಯನ್ನು ನೀರಿಗೆ ಹಾಕಿ, ಇನ್ನೇನು ಒಲೆಯ ಮೇಲೆ ಬಣ್ಣಕ್ಕೆ ನೀರಿಡಬೇಕು, ಅಷ್ಟರಲ್ಲಿ ಊರಿನಿಂದ ನೆಂಟರು ಬಂದಿಳಿದರು. ಗಂಡನ ಕಣ್ಣಿಗೆ ಬೀಳಬಾರದೆಂದು ಸೀರೆಯನ್ನು ನೀರು ಸೋರುತ್ತಿದ್ದ ಹಾಗೇ ಮುದ್ದೆ ಮಾಡಿ, ಬಕೆಟಿನಲ್ಲಿಟ್ಟು ಮುಚ್ಚಿ, ಬಚ್ಚಲ ಮೂಲೆಗೆ ತಳ್ಳಿದಳು. ನೆಂಟರು ಬೆಟ್ಟಕ್ಕೆ ಹೋಗಿ ದೇವಿಯ ದರ್ಶನ ಮಾಡಿಕೊಂಡು ಬಂದು, ಮಾರನೆಯ ಸಂಜೆ ಊಟ ಮುಗಿಸಿ ಹೊರಟ ಮೇಲೆಯೇ ಅವಳಿಗೆ ಸೀರೆಯ ನೆನಪಾದದ್ದು.

ಓಡಿ ಹೋಗಿ ಮುಚ್ಚಳ ತೆಗೆದರೆ, ಅಯ್ಯೋ ಶಿವನೇ, ಸೀರೆ ಮೊಳಕೆಯೊಡೆದಿತ್ತು!

ಒದ್ದೆ ಬಟ್ಟೆಯಲ್ಲಿ ಕಾಳು ಕಟ್ಟಿ ಮುಚ್ಚಿಟ್ಟರೆ ಮೊಳಕೆ ಬರದೆ ಇನ್ನೇನು ಬರುತ್ತದೆ? ವಾರಕ್ಕೊಮ್ಮೆ ಮೊಳಕೆಕಾಳಿನ ಸಾರು ಮಾಡುತ್ತಿದ್ದ ಹೆಂಗಸು ಅದನ್ನೇ ಮರೆತಿದ್ದಳು. ಗಂಟುಗಳೆಲ್ಲ ಊದಿಕೊಂಡಿದ್ದವು. ಒಂದೆರಡು ಕಡೆ ಬಿಳಿ ಮೂತಿಗಳು ಹಳೆಯ ನೂಲನ್ನು ಸೀಳಿ ಹೊರಗೆ ಇಣುಕಿದ್ದವು. ಸೀರೆ ಹಾಳಾಯಿತಲ್ಲಾ ಎಂದು ಕಣ್ಣಲ್ಲಿ ನೀರು ತಂದುಕೊಂಡು, ಒಂದು ಗಂಟನ್ನಾದರೂ ಬಿಚ್ಚೋಣವೆಂದು ದಾರ ಹುಡುಕಿದಳು. ಉಗುರು ತೂರಲಿಲ್ಲ. ಇನ್ನೊಂದು ನೋಡಿದಳು, ಅದೂ ಕಲ್ಲು. ನಿನ್ನೆ ಬಳೆಯಂತೆ ಜಾರುತ್ತಿದ್ದ ದಾರ ಈಗ ಬಟ್ಟೆಯ ಕುತ್ತಿಗೆಯನ್ನು ಕಚ್ಚಿ ಹಿಡಿದಿತ್ತು. ಅವಳ ಬೆರಳಿಗೆ ಆಗದ ಕೆಲಸವನ್ನು ಕಡಲೆಕಾಳು ಒಳಗಿನಿಂದ ಉಬ್ಬಿ ಮಾಡಿ ಮುಗಿಸಿತ್ತು.

ಶಿವನಂಜಮ್ಮ ಬಚ್ಚಲಲ್ಲೇ ಕೂತು ಜೋರಾಗಿ ನಕ್ಕಳು. ನಗು ಕೇಳಿ ಓಡಿ ಬಂದ ಮಹದೇವು ಬಕೆಟು ನೋಡಿ, "ಸಾರಿಗಾಯ್ತದಾ?" ಎಂದ. "ಬಣ್ಣದ ಸಾರು ಕುಡೀರಂತೆ, ಹೋಗಿ!" ಎಂದು ಅವನನ್ನು ಅಟ್ಟಿ, ಬಿಸಿನೀರಿಗೆ ನೀಲಿ ಬಣ್ಣದ ಪುಡಿ, ಒಂದು ಹಿಡಿ ಉಪ್ಪು ಹಾಕಿ ಸೀರೆ ಅದ್ದಿದಳು. ಆಮೇಲೆ ಕತ್ತರಿ ಹಿಡಿದು ಬಿಚ್ಚಲು ಕೂತರೆ ಒಂದೊಂದು ಗಂಟಿನಲ್ಲೂ ದುಂಡನೆಯ ಉಂಗುರ. ಬಾಳೆ ಕರೆ ಎಲ್ಲಿತ್ತೆಂದು ಹುಡುಕಿದರೂ ಸಿಗಲಿಲ್ಲ.

ಪ್ರದರ್ಶನದ ದಿನ ಸೀರೆಯನ್ನು ಭವನದ ನಡುವೆ ಹರಡಿ ತೂಗುಹಾಕಿದರು. ಬಂದವರೆಲ್ಲ ಅಲ್ಲೇ ನಿಲ್ಲುತ್ತಿದ್ದರು. ಶಿವನಂಜಮ್ಮ ಉಬ್ಬಿ ಹೋಗಿದ್ದಳು. ಅಷ್ಟರಲ್ಲಿ ಚಾಮುಂಡೇಶ್ವರಿ ಒಂದು ಗುಂಪು ಕಟ್ಟಿಕೊಂಡು ಬಂದಳು. "ಗಂಟು ಏನ್ ಬಿಗಿಯಾಗಿ ಬಿದ್ದವೆ ನೋಡ್ರವ್ವ! ನಮ್ಮಣ್ಣಂದು ಕಾರ್ಖಾನೆ ಕೈ ಅಲ್ವಾ?"

"ನಾನು ಮುಟ್ಟೇ ಇಲ್ಲ ಕಣವ್ವ, ದೇವ್ರಾಣೆ!" ಎಂದ ಮಹದೇವು. ಯಾರು ನಂಬುತ್ತಾರೆ? ಜಗುಲಿಯ ಮೇಲೆ ಹೆಂಡತಿಗೆ ಜಡೆ ಹಾಕುವ ಗಂಡನನ್ನು ಬೀದಿಯೇ ನೋಡಿತ್ತು. ಲಾಸ್ಯ ಕೂಡ, "ಅಂಕಲ್ ಸ್ವಲ್ಪ ಹೆಲ್ಪ್ ಮಾಡಿದ್ರೆ ಏನಂತೆ, ಆಂಟಿ? ತಪ್ಪೇನಿಲ್ಲ," ಎಂದು ಮೆಲ್ಲಗೆ ಸಮಾಧಾನ ಹೇಳಿದಳು. ಚಾಮುಂಡೇಶ್ವರಿಯ ಕೊಂಕಿಗಿಂತ ಆ ಸಮಾಧಾನವೇ ಶಿವನಂಜಮ್ಮನ ಎದೆಗೆ ಚುಚ್ಚಿತು. ಕಟ್ಟಿದ್ದು ತಾನೇ ಆದರೂ ಕೈ ಮಾತ್ರ ಮತ್ತೆ ಗಂಡನದಾಗಿ ಹೋಯಿತಲ್ಲ!

ಪಿತ್ತ ನೆತ್ತಿಗೇರಿತು. "ಒಂದು ಬಿಳಿ ಬಟ್ಟೆ ಕೊಡು ಮಗಾ," ಎಂದಳು ಲಾಸ್ಯಳಿಗೆ. ಎಲ್ಲರ ನಡುವೆ ನೆಲದ ಮೇಲೆ ಕೂತು, ತರಗತಿಯ ಡಬ್ಬಿಯಿಂದ ಕಡಲೆಕಾಳು ತೆಗೆದು, ಹಲ್ಲಿನಿಂದ ದಾರ ಎಳೆದು ಗಂಟು ಹಾಕಿದಳು. ದಾರ ಜಾರಿತು. ಗಂಟುಗಳು ಎಷ್ಟು ಸಡಿಲವೆಂದರೆ ಹಿಂದಿನಿಂದ ಯಾರೋ ಕಿಸಕ್ಕೆಂದರು. ಮಹದೇವು ತಡೆಯಲಾರದೆ ಒಂದು ಹೆಜ್ಜೆ ಮುಂದಿಟ್ಟ. "ಮುಟ್ಟುದ್ರೆ ನೋಡಿ!" ಎಂದು ಅವಳು ಕಣ್ಣು ಬಿಟ್ಟಳು. ಅವನು ಅಲ್ಲೇ ನಿಂತ.

"ನಗೋರೆಲ್ಲ ನಕ್ಕೊಳಿ. ಇದ್ನ ನೀರಲ್ಲಾಕಿ ಬಾಗ್ಲಿಗೆ ಬೀಗ ಜಡಿಯವ್ವ, ಬೀಗದ ಕೈ ನಿನ್ನತ್ರನೇ ಇರ್ಲಿ. ಬೆಳಗ್ಗೆ ಬಣ್ಣಕ್ಕೆ ಅದ್ದಿ ಎಲ್ರ ಮುಂದೇನೇ ಬಿಚ್ಚಣ," ಎಂದು ಲಾಸ್ಯಳ ಕಡೆ ನೋಡಿ ಎದ್ದಳು. ಏಕೆ, ಏನು ಎಂದು ಕೇಳಿದವರಿಗೆ ಒಂದು ಮಾತೂ ಬಿಟ್ಟುಕೊಡಲಿಲ್ಲ.

ಒಳಗೊಳಗೆ ಮಾತ್ರ ಅಳುಕು ಇದ್ದೇ ಇತ್ತು. ಆವತ್ತು ಕಾಳಿಗೆ ಒಂದು ರಾತ್ರಿ, ಒಂದು ಹಗಲು ಸಿಕ್ಕಿತ್ತು, ಈಗ ಬರಿಯ ರಾತ್ರಿ. ಉಬ್ಬದೇ ಹೋದರೆ? ಆಮೇಲೆ ಜನ್ಮವಿಡೀ ಆ ಸೀರೆ ಮಹದೇವು ಕಟ್ಟಿದ ಸೀರೆಯೇ.

ಬೆಳಿಗ್ಗೆ ಭವನದ ಮುಂದೆ ಪ್ರದರ್ಶನದ ದಿನಕ್ಕಿಂತ ಹೆಚ್ಚು ಜನ. ತಮಾಷೆ ಅಂದರೆ ಯಾರಿಗೆ ಬೇಡ? ಲಾಸ್ಯ ಬೀಗ ತೆಗೆದಳು. ಶಿವನಂಜಮ್ಮ ಬಕೆಟಿಗೆ ಕೈ ಹಾಕಿದಳು. ಮೊಳಕೆ ಬಂದಿರಲಿಲ್ಲ. ಒಂದು ಗಂಟನ್ನು ಒತ್ತಿ ನೋಡಿದಳು. ಗಟ್ಟಿ! ಇನ್ನೊಂದೂ ಗಟ್ಟಿ! ಅವಳ ಮುಖ ಅರಳಿದ್ದನ್ನು ನೋಡಿ, ಏನೂ ಅರ್ಥವಾಗದಿದ್ದರೂ, ದೂರದಲ್ಲಿದ್ದ ಮಹದೇವುವೂ ನಕ್ಕ.

ನೀಲಿ ಬಣ್ಣದಲ್ಲಿ ಅದ್ದಿ, ತೊಳೆದು ತೆಗೆದ ಬಟ್ಟೆಯನ್ನು ಅವಳು ನೇರವಾಗಿ ಚಾಮುಂಡೇಶ್ವರಿಯ ಕೈಗಿಟ್ಟಳು. "ನಿಂದು ಗಟ್ಟಿ ಕೈ ಅಲ್ವಾ, ಚಾಮುಂಡಿ? ನೀನೇ ಬಿಚ್ಚು."

ಚಾಮುಂಡೇಶ್ವರಿ ಉಗುರು ಹಾಕಿದಳು, ಬಟ್ಟೆ ತಿರುಗಿಸಿದಳು, ದಾರ ಎಳೆದಳು. ಹಲ್ಲಲ್ಲೂ ಕಚ್ಚಿದಳು. ಅವಳ ತುಟಿ ನೀಲಿಯಾಯಿತೇ ಹೊರತು ಗಂಟು ಜಪ್ಪಯ್ಯ ಅನ್ನಲಿಲ್ಲ. ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಗೆ ಸೋತು, "ಕತ್ತರಿ ಕೊಡ್ರವ್ವ ಯಾರಾದ್ರೂ," ಎಂದಳು. ಲಾಸ್ಯ ದಾರ ಕತ್ತರಿಸಿ ಬಟ್ಟೆ ಬಿಡಿಸಿ ಎತ್ತಿ ಹಿಡಿದಾಗ ಸಾಲಾಗಿ ಬಿಳಿ ಉಂಗುರಗಳು. ಚಪ್ಪಾಳೆ ಬಿತ್ತು ನೋಡಿ! ಮಹದೇವು ಪಂಚೆಯ ತುದಿಯಲ್ಲಿ ಕಣ್ಣು ಒರೆಸಿಕೊಳ್ಳುತ್ತ, "ನನ್ ಹೆಂಡ್ತಿ ಕಟ್ಟಿದ್ದು ಕಣ್ರೀ! ನಾನು ಮುಟ್ಟಿಲ್ಲ!" ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿದ.

ಚಾಮುಂಡೇಶ್ವರಿ ಜಂಬದವಳಾದರೂ ಕೆಟ್ಟವಳಲ್ಲ. ನೀಲಿ ತುಟಿಯನ್ನು ಸೆರಗಿನಿಂದ ಒರೆಸಿಕೊಂಡು ಪಕ್ಕದಲ್ಲಿ ಬಂದು ಕೂತಳು. "ಅದೇನ್ ಮಾಟ ಮಾಡುದ್ರಿ ಅತ್ಗೆ? ನಂಗೂ ಹೇಳ್ಕೊಡಿ," ಎಂದು ಒಂದು ಚೂರು ಬಟ್ಟೆ ತೆಗೆದುಕೊಂಡು, ಕಡಲೆಕಾಳು ಇಟ್ಟು, ಇದ್ದ ಶಕ್ತಿಯೆಲ್ಲ ಹಾಕಿ ದಾರ ಬಿಗಿಯತೊಡಗಿದಳು.

ಶಿವನಂಜಮ್ಮ ತನ್ನ ಸೋತ ಬಲಗೈಯನ್ನು ಅವಳ ಕೈ ಮೇಲಿಟ್ಟು ತಡೆದಳು. "ಅಷ್ಟು ಬಿಗೀಬೇಡ್ವೇ. ಕಾಳು ಊದಕ್ಕೆ ಜಾಗ ಬುಡು. ಮೊದ್ಲು ಸಡಿಲ ಕಟ್ಟೋದ ಕಲಿ."