ಸುರಂಗದ ಬೆಚ್ಚನೆ ನೀರು

ಅರಬ್ ನಾಡಿನ ವಾದಿ ಕಬೀರ್‌ನಲ್ಲಿರುವ ನಮ್ಮ ಫ್ಲ್ಯಾಟಿನ ಬಚ್ಚಲು ಸೋರುತ್ತಿತ್ತು. ಕಳೆದ ವಾರ ಕೆಲಸದವನೊಬ್ಬ ಬಂದು ಬಿರುಕಿಗೆ ಸಿಮೆಂಟ್ ಮೆತ್ತಿ ಹೋದ. ಆ ಹಸಿ ಸಿಮೆಂಟಿನ ವಾಸನೆಗೆ ಕಾಕಾ ನೆನಪಾದರು...

ಸುರಂಗ ಕೆಲಸದ ಕ್ಯಾಂಪಿನಲ್ಲಿ ಎಲ್ಲರಿಗೂ ಅವರು ಕಾಕಾ. ಬಾಗಲಕೋಟೆ ಕಡೆಯವರು. ರುಸ್ತಾಕ್ ಆಚೆಯ ಬೆಟ್ಟದಲ್ಲಿ ರಸ್ತೆಗೆಂದು ಸುರಂಗ ಕೊರೆಯುವಾಗ ಬಂಡೆಯ ಬಿರುಕುಗಳಿಂದ ನೀರು ಒಸರುತ್ತಿತ್ತು; ಅವಕ್ಕೆ ಸಿಮೆಂಟ್ ತುಂಬಿ ಮುಚ್ಚುವ ತಂಡಕ್ಕೆ ಅವರು ಫೋರ್‌ಮನ್. ನಾನು ಅಲ್ಲಿ ಹೊಸ ಎಂಜಿನಿಯರ್. ನೆನಪು ಅವರ ಕೊರಳಿಗೆ ಕೆಂಪು ಮಫ್ಲರ್ ಸುತ್ತುತ್ತದೆ. ಅದು ಇತ್ತೋ, ಆಮೇಲೆ ನಾನೇ ಸುತ್ತಿದೆನೋ, ಹೇಳಲಾರೆ.

ಒಸರುವ ನೀರು ಬೆಚ್ಚಗಿತ್ತು. ಪಂಪು ಅದನ್ನು ಹೊರಗೆಳೆದು ಸುಮ್ಮನೆ ಕಣಿವೆಗೆ ಚೆಲ್ಲುತ್ತಿತ್ತು. ಗೀಸರ್ ಇದ್ದದ್ದು ನಮ್ಮಂಥವರ ಕೋಣೆಗಳಿಗೆ ಮಾತ್ರ. ಬೆಟ್ಟದ ಚಳಿಯಲ್ಲಿ ಹೆಲ್ಪರುಗಳಿಗೆ ತಣ್ಣೀರೇ ಗತಿ. ಕಾಕಾ ಪಂಪಿನಿಂದ ಕ್ಯಾಂಪಿನವರೆಗೆ ಪೈಪು ಎಳೆದು, ಬಿಸಿ ಆರದಂತೆ ಗೋಣಿ ಸುತ್ತಿ, ತುದಿಗೊಂದು ಡ್ರಮ್ಮು ಇಟ್ಟರು. ನೀರು ತುಂಬುವ ಹಬ್ಬದ ಸಂಜೆ, ಊರಲ್ಲಿ ಹಂಡೆಗೆ ಮಾಡುವಂತೆ, ಡ್ರಮ್ಮಿಗೆ ಸುಣ್ಣದ ಪಟ್ಟೆ ಬಳಿದು ತುಂಬಿಸಿದರು.

"ಏನೋ ವಾಸನೆ ಬರ್ತದಲ್ಲ ಕಾಕಾ," ಎಂದ ಉಡುಪಿಯ ಹೆಲ್ಪರ್.

"ನಿನ್ನ ಸಾಕ್ಸಿಗಿಂತ ಚಲೋ ಐತಿ. ಯಲ್ಲಾ, ಲಗೂನ ಹೊಯ್ಕೊ."

ಆದರೆ ಆ ನೀರನ್ನು ನಿಲ್ಲಿಸುವುದೇ ಅವರ ಕೆಲಸವಾಗಿತ್ತು. ಒಂದೊಂದು ಬಿರುಕು ಮುಚ್ಚಿದಂತೆ ಡ್ರಮ್ಮು ತುಂಬುವುದು ತಡವಾಗತೊಡಗಿತು. ಕೊನೆಗೆ ಒಂದೇ ಬಿರುಕು ಉಳಿಯಿತು. ಅದನ್ನು ಮುಚ್ಚದೆ ನೀರನ್ನು ಪಕ್ಕದ ಚರಂಡಿಯಲ್ಲಿ ಹೊರಬಿಡೋಣ, ಕ್ಯಾಂಪಿಗೆ ಆಗುತ್ತದೆ, ಎಂದು ಕಾಕಾ ಮ್ಯಾನೇಜರನ್ನು ಕೇಳಿಕೊಂಡರು. ನಾನೂ ಜೊತೆಗಿದ್ದೆ. ಒಣ ಸುರಂಗ ಕೊಡುತ್ತೇವೆಂದು ಒಪ್ಪಿಕೊಂಡಿದ್ದೇವೆ, ಖಲಾಸ್, ಎಂದರು ಮ್ಯಾನೇಜರ್.

ಮೈ ಕೊರೆಯುವ ಚಳಿಯ ದಿನಗಳಲ್ಲೇ ಕಾಕಾ ಆ ಬಿರುಕಿಗೆ ಸಿಮೆಂಟ್ ತುಂಬುವ ನಳಿಕೆ ಇಟ್ಟರು.

"ಸ್ವಲ್ಪ ಬಿಟ್ಟುಬಿಡಿ ಕಾಕಾ, ಯಾರು ನೋಡ್ತಾರೆ?" ಎಂದ ಅದೇ ಹೆಲ್ಪರ್.

"ಬಿಡಾಕ ಬರಂಗಿಲ್ಲೋ ತಮ್ಮಾ. ಅರ್ಧಾ ಮುಚ್ಚಿದ್ದು ನಾಳೆ ಮಂದಿ ತಲಿ ಮ್ಯಾಲ ಬೀಳತೈತಿ."

ಆಮೇಲೆ ಅವರು ಆ ಡ್ರಮ್ಮಿನತ್ತ ನೋಡಲೇ ಇಲ್ಲ ಎಂದು ಬರೆಯಲು ಆಸೆಯಾಗುತ್ತದೆ. ಹಾಗಾಗಲಿಲ್ಲ. ಅದನ್ನು ಬೋರಲು ಹಾಕಿ, ಮೇಲೆ ಕೂತು ಚಹಾ ಕುಡಿದರು.

ಕೆಲಸ ಮುಗಿದು ಊರಿಗೆ ಹೋದರು. ತೀರಿಕೊಂಡ ಸುದ್ದಿ ವಾಟ್ಸಾಪಿನಲ್ಲಿ ಬಂತು. ಹೇಗಾಯಿತು ಎಂದು ಕೇಳಿದೆ. ಕೈಮುಗಿದ ಇಮೋಜಿಗಳಷ್ಟೇ ಬಂದವು...

ಈಗಲೂ ಆ ಸುರಂಗದಲ್ಲಿ ಹೋಗುವಾಗ ಕಾರು ನಿಧಾನಿಸಿ ಗೋಡೆ ನೋಡುತ್ತೇನೆ, ಎಲ್ಲಾದರೂ ಒಂದು ತೇವದ ಕಲೆ ಕಂಡೀತೇ ಎಂದು. ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಗೋಡೆ ಒಣಗಿದೆ. ಕಾಕಾ ಎಲ್ಲವನ್ನೂ ಸರಿಯಾಗಿ ಮುಚ್ಚಿ ಹೋಗಿದ್ದಾರೆ.