ಶವವಾಹನದ ಮುಂದಿನ ಸೀಟು

ಹತ್ತಿ ಹೊಲಗಳ ಮೇಲೆ ಇನ್ನೂ ಮಂಜು ಕೂತಿದೆ. ಚಾಲಕ ಲೆಮ್ಯುಯೆಲ್ ಟಾರ್ವರ್ ಶವವಾಹನದ ಕರಿ ಬಾಗಿಲು ಒರೆಸಿ, ಮುಂದಿನ ಸೀಟಿನ ಮೇಲೊಂದು ದಿಂಬು ಇಡುತ್ತಾರೆ. ಆಮೇಲೆ ಫೋನು ನೋಡುತ್ತಾರೆ. ಅದು ಸುಮ್ಮನಿದೆ. "ಸ್ವಾಮೀ, ಇವತ್ತು ಮಧ್ಯಾಹ್ನದ ತನಕ ಯಾರನ್ನೂ ಕರೆಸ್ಕೋಬೇಡಪ್ಪಾ" ಎಂದು ತಲೆಬಾಗಿ ಬೇಡಿಕೊಂಡು ಕೀಲಿ ತಿರುಗಿಸುತ್ತಾರೆ.

ಅಮೆರಿಕದ ದಕ್ಷಿಣ ಸೀಮೆಯ ಟಾಲಿವರ್ ಎಂಬ ಈ ಊರಿನಲ್ಲಿ ಈಚಿನವರೆಗೂ ಮುಖ ಪರಿಚಯದ ಮೇಲೆ ಮತ ಹಾಕಲು ಬಿಡುತ್ತಿದ್ದರು. ಈಗ ಫೋಟೋ ಇರುವ ಗುರುತಿನ ಚೀಟಿ ಬೇಕು. ಅದನ್ನು ಕೊಡುವ ಕಚೇರಿ ನದಿಯಾಚೆ, ಒಂದು ಗಂಟೆಯ ದಾರಿ. ಬಾಗಿಲು ತೆರೆಯುವುದು ತಿಂಗಳಿಗೊಂದು ಮಂಗಳವಾರ. ಬಸ್ಸಿಲ್ಲ. ವಯಸ್ಸಾದವರ ಮನೆಗಳಲ್ಲಿ ಕಾರಿರುವ ಮಕ್ಕಳು ಕೋಳಿ ಕಾರ್ಖಾನೆಯ ಪಾಳಿ ಬಿಟ್ಟು ಬರುವಂತಿಲ್ಲ. ಹಗಲು ಹೊತ್ತು ಬಿಡುವಾಗಿ ನಿಂತಿರುವ ಗಾಡಿಯೆಂದರೆ ಇದೊಂದೇ. ಅದರ ಒಡತಿ ಮಿಸೆಸ್ ಕ್ರೆನ್‌ಶಾ ಚೀಟಿಗೆ ಹೋಗುವವರನ್ನು ಇದರಲ್ಲಿ ಕರೆದೊಯ್ಯಲು ಒಪ್ಪಿದ್ದಾರೆ, ಒಂದು ಕರಾರಿನ ಮೇಲೆ: ಸಾವಿನ ಕರೆ ಬಂದರೆ ಎಲ್ಲಿದ್ದರೂ ತಿರುಗಬೇಕು.

ಇವತ್ತು ದಿಂಬಿನ ಮೇಲೆ ಕೂತವರು ಎರ್ನಸ್ಟೀನ್ ಗ್ಯಾಡಿಸ್. ಎಂಬತ್ತು ದಾಟಿದ ಇವರನ್ನು ಚರ್ಚಿನವರೆಲ್ಲ ತಾಯಿ ಎಂದೇ ಕರೆಯುವುದು. ಸೂಲಗಿತ್ತಿಯ ಕೈಯಲ್ಲಿ ಮನೆಯಲ್ಲೇ ಹುಟ್ಟಿದವರು. ಜನನಪತ್ರ ತರಿಸಲು ಒಂದು ಚಳಿಗಾಲ ಹಿಡಿಯಿತು. ತವರಿನ ಹೆಸರೂ ಈಗಿನ ಹೆಸರೂ ಒಬ್ಬರದೇ ಎಂದು ತೋರಿಸುವ ಮದುವೆ ಪತ್ರಕ್ಕೆ ಬೇಸಿಗೆಯೂ ಕಳೆಯಿತು. ಹೋದ ತಿಂಗಳು ಕಚೇರಿಯ ಬಾವುಟ ಕಾಣುವಷ್ಟು ಹತ್ತಿರ ಹೋದಾಗ ಸಾವಿನ ಫೋನು ಬಂತು, ತಿರುಗಿದರು. ಚುನಾವಣೆಗೆ ಮುಂಚೆ ಉಳಿದಿರುವುದು ಇದೊಂದೇ ಮಂಗಳವಾರ.

"ಮುಂದೆ ಕೂತಿದ್ದೀನಿ, ನೆನಪಿರ್ಲಿ. ಹಿಂದೆ ಮಲಗಿಸೋಕೆ ಅವಸರ ಮಾಡ್ಬೇಡ."

"ಮಲಗಿಸಿದ್ರೂ ನೀವು ಮಾತು ನಿಲ್ಸಲ್ಲ ಬಿಡಿ ತಾಯಿ."

ಒಳಗೆ ಶವವಿದೆಯೆಂದು ಎದುರು ಬರುವ ಗಾಡಿಗಳು ಗೌರವಕ್ಕೆ ಪಕ್ಕಕ್ಕೆ ಸರಿದು ನಿಲ್ಲುತ್ತವೆ, ಗಂಡಸರು ಟೋಪಿ ತೆಗೆಯುತ್ತಾರೆ. ತಾಯಿ ಒಳಗಿನಿಂದ ಕೈ ಬೀಸುತ್ತಾರೆ. ಲೆಮ್ಯುಯೆಲ್ ನಗುವುದಿಲ್ಲ, ಅವರ ಕಣ್ಣು ಫೋನಿನ ಕಡೆಗೇ.

"ಹಿಂದೆ, ಕಪ್ಪು ಜನ ಆಗಿದ್ದೂ ಓಟಿಗೆ ಹೆಸರು ಬರೆಸೋಕೆ ಹೋದ್ರು ಅಂತ ತಾಯಿಯ ಯಜಮಾನ್ರನ್ನ ಬಿಳಿ ಜಮೀನ್ದಾರರು ಗೇಣಿ ಜಮೀನಿಂದ ಬಿಡಿಸಿದ್ರು," ಎನ್ನುತ್ತಾರೆ ಲೆಮ್ಯುಯೆಲ್, ಈ ಓಡಾಟ ಯಾಕೆಂದು ಕೇಳಿದವರಿಗೆ. "ಆಮೇಲೆ ಇವರು ಒಂದು ಚುನಾವಣೇನೂ ತಪ್ಪಿಸಿಲ್ಲ. ಹೋದ ತಿಂಗಳು ವಾಪಸ್ ಕರ್ಕೊಂಡು ಬಂದಾಗ ಒಂದು ಮಾತೂ ಆಡ್ಲಿಲ್ಲ. ಬೈದಿದ್ರೆ ಎಷ್ಟೋ ವಾಸಿಯಿತ್ತು."

ಕಚೇರಿಯಲ್ಲಿ ಸಾಲು ಗೋಡೆ ಸುತ್ತಿದೆ. ಕ್ಯಾಮೆರಾ ಒಂದೇ, ಅದೂ ನಡುನಡುವೆ ಮುನಿಸಿಕೊಳ್ಳುತ್ತದೆ. ತಾಯಿಯ ಮುಂದೆ ಇಬ್ಬರೇ ಉಳಿದಾಗ ಫೋನು ಬಡಿದುಕೊಳ್ಳುತ್ತದೆ. ಚರ್ಚಿನ ಹಿರಿಯ ಓಟಿಸ್ ಬ್ರಾಡ್ನಾಕ್ಸ್ ಮನೆಯಲ್ಲೇ ತೀರಿಕೊಂಡಿದ್ದಾರೆ. ತಾಯಿ ಕೇಳಿಸಿಕೊಂಡು, ಕೈಚೀಲ ಎತ್ತಿಕೊಂಡು ಎದ್ದು ನಿಲ್ಲುತ್ತಾರೆ.

"ಕೂತ್ಕೊಳ್ಳಿ," ಎನ್ನುತ್ತಾರೆ ಲೆಮ್ಯುಯೆಲ್. ಇಷ್ಟು ವರ್ಷ ಮಾಡದ ಕೆಲಸವನ್ನು ಇಂದು ಮಾಡುತ್ತಾರೆ: ತುಸು ತಡವಾಗಿ ಬರಬಹುದೇ ಎಂದು ಕೇಳಲು ಸಾವಾದ ಮನೆಗೇ ಫೋನು ಹಚ್ಚುತ್ತಾರೆ. ಎತ್ತಿಕೊಂಡವರು ಓಟಿಸರ ಹೆಂಡತಿ ಲೂವೀನಿಯಾ.

"ಜೊತೇಲಿ ಯಾರಿದ್ದಾರೆ?"

"ಎರ್ನಸ್ಟೀನ್ ತಾಯಿ. ಅವರ ಮುಂದೆ ಇನ್ನಿಬ್ಬರಿದ್ದಾರೆ, ಅಕ್ಕ."

ಅತ್ತ ಕಡೆ ಲೂವೀನಿಯಾ ಕುರ್ಚಿ ಎಳೆದುಕೊಂಡು ಕೂರುವ ಸದ್ದು ಕೇಳುತ್ತದೆ.

"ಪ್ರತಿ ಭಾನುವಾರ ಚರ್ಚಿಗೆ ಹೊರಟಾಗ ನನ್ನನ್ನ ಬಾಗಿಲಲ್ಲಿ ಕಾಯಿಸಿ ನಿಧಾನಕ್ಕೆ ಟೈ ಕಟ್ಕೋತಿದ್ದ ಮನುಷ್ಯ. ಇವತ್ತು ಅವನೂ ಸ್ವಲ್ಪ ಕಾಯ್ಲಿ. ನಾನು ಪಕ್ಕದಲ್ಲೇ ಕೂತಿದ್ದೀನಿ. ಫೋಟೋ ತೆಗೆಸ್ಕೊಂಡೇ ಬನ್ನಿ."

ಕ್ಯಾಮೆರಾದ ಮುಂದೆ ತಾಯಿ ನಗುವುದಿಲ್ಲ, ಕಣ್ಣು ಒರೆಸಿಕೊಳ್ಳುತ್ತಾರೆ. ಚೀಟಿ ಕೈಗೆ ಬಂದದ್ದೇ, ಇಬ್ಬರೂ ನೇರವಾಗಿ ಓಟಿಸರ ಮನೆಗೆ.

ಸಂಜೆ ತಾಯಿಯನ್ನು ಅವರ ಮನೆಯ ಮೆಟ್ಟಿಲು ಹತ್ತಿಸಿ ಬಂದ ಲೆಮ್ಯುಯೆಲ್, ಮುಂದಿನ ಸೀಟಿನ ದಿಂಬನ್ನು ಕೊಡವುತ್ತಾರೆ.

"ಈ ಗಾಡೀಲಿ ಎಷ್ಟೋ ಜನರನ್ನ ಕರ್ಕೊಂಡು ಹೋಗಿದ್ದೀನಿ," ಎನ್ನುತ್ತಾರೆ. "ವಾಪಸ್ ಮನೆಗೆ ತಂದು ಬಿಟ್ಟಿರೋದು ಮುಂದೆ ಕೂತ ಈ ತಾಯಿಯಂಥೋರನ್ನ ಮಾತ್ರ."