ಮೆಟ್ಟಿಲಿಲ್ಲದ ಜೀಪಿನಲ್ಲಿ ಬೆಟ್ಟದ ತಪ್ಪಲಿಗೆ

ಅದು ಎರಡು ಸಾವಿರದ ಆರನೆಯ ಇಸವಿ; ನನಗೆ ಆಗ ನಲವತ್ತೆಂಟು ವರ್ಷ. ಪ್ರೌಢಶಾಲೆಯ ತರಗತಿಗಳಲ್ಲಿ ಕನ್ನಡ ವ್ಯಾಕರಣವನ್ನು ಬೋಧಿಸುವುದನ್ನು ಬಿಟ್ಟು, ಚಾಮರಾಜನಗರದ ಕಚೇರಿಯೊಂದರ ಮೇಜಿಗೆ ಬಂದು ಎರಡು ವರ್ಷಗಳಾಗಿದ್ದವು. ನವೆಂಬರ್ ತಿಂಗಳ ಎರಡನೆಯ ಶನಿವಾರ, ರಜೆಯ ದಿನ, ಬೆಳಿಗ್ಗೆ ಏಳು ಗಂಟೆಗೆ ನಾನೂ ನನ್ನ ಹೆಂಡತಿ ಮಂಗಳೆಯೂ ನಮ್ಮ ಹಳೆಯ ಜೀಪಿನಲ್ಲಿ ಮನೆಯಿಂದ ಹೊರಟೆವು. ಹೊಲದಲ್ಲೋ ಕಾಡಂಚಿನಲ್ಲೋ ಬಿಡಾರ ಹೂಡುವುದಕ್ಕೆಂದೇ ನಾನು ಸಜ್ಜುಗೊಳಿಸಿದ್ದ ಆ ಜೀಪಿಗೆ ಅದು ಮೊದಲ ಪ್ರವಾಸ. ನಾನು ಕೊಟ್ಟಿದ್ದ ಮಾತಿನ ಪ್ರಕಾರ ಅದೇ ಕೊನೆಯದೂ ಆಗಬೇಕಿತ್ತು. ಮರುದಿನ ಹತ್ತು ಗಂಟೆಗೆ ಗುಂಡ್ಲುಪೇಟೆಯ ತರಕಾರಿ ವ್ಯಾಪಾರಿ ಪುಟ್ಟಸ್ವಾಮಿಯವರು ಅದನ್ನು ನೋಡಿ, ಮೆಚ್ಚಿದರೆ ಅಲ್ಲಿಯೇ ಇರಿಸಿಕೊಳ್ಳುವರೆಂದು ನಿಶ್ಚಯವಾಗಿತ್ತು.

ಜೀಪಿನ ವಿಷಯವನ್ನು ಇಲ್ಲಿಯೇ ಹೇಳಿಬಿಡುವುದು ಉಚಿತ. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವ ಹಳೆಯ ಡೀಸೆಲ್ ಜೀಪು ಅದು. ಎರಡು ವರ್ಷಗಳ ಭಾನುವಾರಗಳನ್ನು ನಾನು ಅದಕ್ಕೆ ಒಪ್ಪಿಸಿದ್ದೆ. ಸ್ಪ್ರಿಂಗಿಗೆ ಹೆಚ್ಚಿನ ಪಟ್ಟಿಗಳನ್ನು ಸೇರಿಸಿ ದೇಹವನ್ನು ಎತ್ತರಿಸಿದ್ದೆ. ದೊಡ್ಡ ಟೈರುಗಳನ್ನು ಹಾಕಿಸಿದ್ದೆ. ಹಿಂದಿನ ಬೆಂಚುಗಳನ್ನು ತೆಗೆಸಿ, ನನ್ನ ಉದ್ದಕ್ಕೆ ಮೂರು ಅಂಗುಲ ಸೇರಿಸಿ ಹಲಗೆಯ ಹಾಸಿಗೆಯೊಂದನ್ನು ಮಾಡಿಸಿದ್ದೆ. ಅದರ ಕೆಳಗೆ ಪಾತ್ರೆ, ಒಲೆಗಳಿಗೆ ಪೆಟ್ಟಿಗೆ. ಹಿಂದೆ ನಲ್ಲಿಯುಳ್ಳ ನೀರಿನ ಕ್ಯಾನು. ಪಕ್ಕಕ್ಕೆ ಬಿಚ್ಚಿ ಕಟ್ಟಬಹುದಾದ ಟಾರ್ಪಾಲು. ಬಾಗಿಲ ಕೆಳಗಿದ್ದ ಕಬ್ಬಿಣದ ಮೆಟ್ಟಿಲುಗಳು ದಾರಿಯ ಕಲ್ಲುಗಳಿಗೆ ತಗಲುತ್ತವೆಂದು ಅವನ್ನು ಕತ್ತರಿಸಿ ಹಾಕಿಸಿದ್ದೆ.

ಮಂಗಳೆಯ ತಕರಾರು ಚಿಕ್ಕದಾಗಿತ್ತು.

"ಎರಡು ವರ್ಷದಲ್ಲಿ ಇದ್ರೊಳಗೆ ಕೂತು ಯಾರು ಎಲ್ಲಿಗೋದ್ರು ಹೇಳಿ. ಮಲಗೋಕೆ ಅಂತ ಮಾಡುಸ್ದ್ರಿ, ನೀವು ಮಲಗಿದ್ದೆಲ್ಲ ಅದ್ರ ಅಡೀಲೇ. ಒಬ್ಬರಾಟಕ್ಕೆ ಇಡೀ ಅಂಗಳ ಬೇಕಾ?"

ನಾನು ಮಾರಲು ಒಪ್ಪಿದೆ. ಒಂದೇ ಒಂದು ಸಲ ಹೋಗಿಬರುವುದಕ್ಕೆ ಅವಳು ಒಪ್ಪಿದಳು. ಎಲ್ಲಿಗೆ ಹೋಗಬೇಕೆಂಬುದನ್ನು ಅವಳೇ ಆರಿಸಿದಳು. ಹರವೆಯಲ್ಲಿರುವ ಅವಳ ತಾಯಿ ಚಿಕ್ಕತಾಯಮ್ಮ, ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ಹೊಲಮನೆಯಲ್ಲಿರುವ ತನ್ನ ಅಕ್ಕ ದೊಡ್ಡತಾಯಮ್ಮನನ್ನು ನೋಡಿ ಐದು ವರ್ಷಗಳಾಗಿದ್ದವು. ಅತ್ತೆಗೆ ಮಂಡಿನೋವು, ಅಕ್ಕನಿಗೆ ಜಾರಿಬಿದ್ದು ಸೊಂಟ ಮುರಿದಿತ್ತು. ನಡುವೆ ಒಂದು ಹಳ್ಳ. ಮಳೆಯಾದರೆ ಆಟೋಗಳು ಅದರ ಈಚೆಯೇ ನಿಲ್ಲುತ್ತಿದ್ದವು.

ಹರವೆಯನ್ನು ತಲುಪಿದಾಗ ಎಂಟು ಗಂಟೆಯಾಗಿರಲಿಲ್ಲ. ಅತ್ತೆಯ ಮನೆಯ ಓಣಿ ಕಿರಿದಾದುದರಿಂದ ಅವರು ರಸ್ತೆಗೇ ಬಂದು, ಚೀಲವನ್ನೂ ಎಲೆಯಡಿಕೆಯ ಸಂಚಿಯನ್ನೂ ಹಿಡಿದು ನಿಂತಿದ್ದರು. ಜೀಪಿನ ಬಳಿ ಬಂದು ಬಲಗಾಲನ್ನು ಎತ್ತಿದರು, ನೋಡಿದರು, ಹಾಗೆಯೇ ಕೆಳಗಿಟ್ಟರು.

"ಅಳಿಮಯ್ಯ, ಇದ್ಕೆ ಕಾಲಿಡದು ಎಲ್ಲಿ?"

ನಾನು ಇಳಿದು ನೋಡಿದೆ. ಕಾಲಿಡಲು ಸ್ಥಳವೇ ಇರಲಿಲ್ಲ. ಚಾಮರಾಜನಗರದಲ್ಲಿ ಜೀಪು ನಮ್ಮ ಮನೆಯ ಎತ್ತರದ ಜಗಲಿಗೆ ತಾಗಿಕೊಂಡು ನಿಲ್ಲುತ್ತಿದ್ದುದರಿಂದ, ನಾನಾಗಲಿ ಆ ಬೆಳಿಗ್ಗೆ ಮಂಗಳೆಯಾಗಲಿ ನೆಲದಿಂದ ಅದನ್ನು ಹತ್ತುವ ಪ್ರಮೇಯವೇ ಬಂದಿರಲಿಲ್ಲ. ಮೆಟ್ಟಿಲುಗಳನ್ನು ಏಕೆ ತೆಗೆಸಬೇಕಾಯಿತೆಂಬುದನ್ನು ನಾನು ಅತ್ತೆಗೆ ವಿವರಿಸಿದೆ.

"ಕಲ್ಲಿಗೆ ತಗಲ್ದಂಗೆ ಮಾಡ್ಬುಟ್ಟು ನನ್ ಕಾಲ್ಗೂ ಸಿಗ್ದಂಗೆ ಮಾಡ್ಬುಟ್ರಲ್ಲ!" ಎಂದರು ಅತ್ತೆ.

ಮಂಗಳೆ ಮುಂದಿನ ಸೀಟಿನಲ್ಲಿ ಕುಳಿತೇ ನಕ್ಕಳು. "ಟೇಪ್ ಹಿಡ್ಕಂಡು ಎಲ್ಲಾನೂ ಅಳುದ್ರು ಕಣವ್ವ. ನಿನ್ನ ಮಂಡಿ ಒಂದನ್ನ ಅಳೀನಿಲ್ಲ."

ಕೊನೆಗೆ ಅಟ್ಟದ ಮೇಲಿನ ಸಾಮಾನು ತೆಗೆಯಲೆಂದು ಅವರ ಅಡುಗೆಮನೆಯಲ್ಲಿಟ್ಟಿದ್ದ ಬೇವಿನ ಮರದ ಸ್ಟೂಲೊಂದನ್ನು ತರಿಸಿದೆವು. ಅದರ ಮೇಲೊಂದು ಕಾಲು, ಜೀಪಿನೊಳಗೆ ಒಂದು ಕಾಲು, ಹಿಂದಿನಿಂದ ಮಗಳ ಎರಡು ಕೈ. ಅತ್ತೆ ಹಲಗೆಯ ಹಾಸಿಗೆಯ ಮೇಲೆ ಕುಳಿತು, ಅಂಗೈಯಿಂದ ತಟ್ಟಿ ನೋಡಿ, "ಗಟ್ಟಿಯಾಗದೆ" ಎಂದರು. ಸ್ಟೂಲೂ ಪ್ರಯಾಣಕ್ಕೆ ಸೇರಿತು.

ಗುಂಡ್ಲುಪೇಟೆಯ ರಸ್ತೆಗೆ ಬಂದು ತೆರಕಣಾಂಬಿಯತ್ತ ಸಾಗಿದೆವು. ಹಿಂದಿನ ಎರಡು ದಿನಗಳ ಮಳೆಗೆ ಅರಿಸಿನದ ಹೊಲಗಳು ಕಡುಹಸಿರಾಗಿದ್ದವು. ಆಕಾಶದಲ್ಲಿ ಮೋಡವಿದ್ದರೂ ಹನಿಯಿರಲಿಲ್ಲ. ಗಟ್ಟಿ ಸ್ಪ್ರಿಂಗಿನಿಂದಾಗಿ ಡಾಂಬರು ರಸ್ತೆಯ ಪ್ರತಿಯೊಂದು ಗುಂಡಿಯೂ ನಮ್ಮ ಬೆನ್ನುಮೂಳೆಗೆ ವರದಿಯಾಗುತ್ತಿತ್ತು. ತೆರಕಣಾಂಬಿಯಲ್ಲಿ ಬೋಂಡವೂ ಟೀಯೂ ಆಯಿತು. ಸ್ಟೂಲು ಇಳಿಯಿತು, ಅತ್ತೆ ಇಳಿದರು. ಟೀ ಮುಗಿದ ಮೇಲೆ ಮತ್ತೆ ಅದೇ ಕ್ರಮ. ಅಂಗಡಿಯ ಬೆಂಚಿನ ಮೇಲಿದ್ದವನೊಬ್ಬ ನನ್ನ ಮಾತಿನ ಧಾಟಿಯಿಂದಲೇ ನಾನು ಮೇಷ್ಟ್ರೆಂಬುದನ್ನು ಊಹಿಸಿದನೆಂದು ತೋರುತ್ತದೆ.

"ಮೇಷ್ಟ್ರೇ, ಆನೇನೂ ಕೂರುಸ್ಬುಟ್ಟು ಜನ ಹತ್ತುಸ್ತಾರೆ. ನಿಮ್ ಜೀಪ್ಗೆ ಕೂತ್ಕಳದು ಏಳ್ಕೊಟ್ಟಿಲ್ವಾ?"

"ವ್ಯಾಕರ್ಣ ಏಳ್ಕೊಡ್ತಾವ್ರೆ ಕಣಪ್ಪ. ಅದು ಮುಗುದ್ಮೇಲೆ ಕೂತ್ಕಳದು," ಎಂದರು ಅತ್ತೆ ಸ್ಟೂಲಿನ ಮೇಲಿನಿಂದ.

ಗುಂಡ್ಲುಪೇಟೆಯಲ್ಲಿ ಊಟ ಮುಗಿಸಿ, ಊಟಿ ರಸ್ತೆಯಲ್ಲಿ ಹಂಗಳದವರೆಗೆ ಹೋಗಿ, ಬಲಕ್ಕೆ ತಿರುಗಿದೆವು. ಸ್ವಲ್ಪ ದೂರದ ಮೇಲೆ ಡಾಂಬರನ್ನು ಬಿಟ್ಟು ಗಾಡಿಜಾಡನ್ನು ಹಿಡಿದೆವು. ಅದರ ಕೊನೆಯಲ್ಲಿ ಹಳ್ಳ. ಕೆಂಪು ನೀರು, ಅಷ್ಟೇನೂ ಅಗಲವಿಲ್ಲ. ಆದರೆ ಆಚೆಯ ದಡದಲ್ಲಿ ಎತ್ತಿನ ಗಾಡಿಗಳು ಕೆಸರನ್ನು ಕಲಸಿಟ್ಟಿದ್ದವು. ನಾನು ಪ್ಯಾಂಟನ್ನು ಮಡಿಸಿ, ಕೋಲು ಹಿಡಿದು, ನೀರಿನಲ್ಲಿ ನಡೆದು ಆಳವನ್ನು ನೋಡಿಬಂದೆ. ಮೊಣಕಾಲಿಗಿಂತ ಕೆಳಗಿತ್ತು. ಗೇರಿನ ಪಕ್ಕದ ಸಣ್ಣ ಲಿವರನ್ನು ಎಳೆದು ನಾಲ್ಕು ಚಕ್ರಗಳಿಗೂ ಬಲ ಕೊಟ್ಟು, ಮೊದಲನೆಯ ಗೇರಿನಲ್ಲಿ ಇಳಿಸಿದೆ. ಮಂಗಳೆ ಮುಂದಿನ ಕಂಬಿಯನ್ನು ಎರಡು ಕೈಗಳಿಂದ ಹಿಡಿದಳು. "ಉಘೇ ಮಾದಪ್ಪಾ" ಎಂದು ಅತ್ತೆ ಕಣ್ಣು ಮುಚ್ಚಿದರು. ಆಚೆಯ ದಡದಲ್ಲಿ ಹಿಂದಿನ ಚಕ್ರಗಳು ಒಂದು ಸಲ ಸುಮ್ಮನೆ ತಿರುಗಿದವು. ಮುಂದಿನವು ಕಚ್ಚಿ ಹಿಡಿದು ಮೇಲೆಳೆದವು. ಎರಡು ವರ್ಷ ಕಾದದ್ದಕ್ಕೆ ಅದೊಂದೇ ಕ್ಷಣ ಸಾಕೆಂದು ನನಗೆ ಅನ್ನಿಸಿತು. ಮರುದಿನದ ನೆನಪು ಬಂದು, ಸಾಲದೆಂದೂ ಅನ್ನಿಸಿತು.

"ಆಯ್ತಾ?" ಎಂದು ಅತ್ತೆ ಕಣ್ಣು ತೆರೆದರು. "ಇಷ್ಟೇಯಾ? ಇದ್ಕಾ ಆ ಆಟೋದವ್ರು ಅಂಗಾಡದು?"

ಹೊಲಮನೆಯ ಜಗಲಿಯ ಮೇಲೆ ದೊಡ್ಡತಾಯಮ್ಮ ಕಾಲು ಚಾಚಿ ಕುಳಿತಿದ್ದರು. ಸ್ಟೂಲಿನ ಸಹಾಯದಿಂದ ಇಳಿದ ಅತ್ತೆ, ಒಂದೊಂದೇ ಹೆಜ್ಜೆಯಿಟ್ಟು ಅಕ್ಕನ ಮುಂದೆ ಹೋಗಿ ನಿಂತರು.

"ಬಂದ್ಯಾ?"

"ಬಂದೆ ಕಣಕ್ಕ."

"ಈಗ ಬಂದ್ಯಾ?" ಎಂದ ದೊಡ್ಡತಾಯಮ್ಮ ತಂಗಿಯ ಮುಖವನ್ನು, ಹಲ್ಲುದುರಿದ ಬಾಯನ್ನು ಬಹಳ ಹೊತ್ತು ನೋಡಿದರು. "ಅಲ್ಲೆಲ್ಲಾ ಎಲ್ಲೋದವ್ಲೇ?"

"ನಿಂಗೇನ್ ಮೂವತ್ತೆರ್ಡೂ ಅವ್ವಾ? ಬಾಯ್ ಬುಡು ನೋಡನ."

ಇಬ್ಬರೂ ನಕ್ಕರು, ಆಮೇಲೆ ಇಬ್ಬರೂ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಂಗಳೆ ಮುಖ ತಿರುಗಿಸಿ, ಜೀಪಿನ ಪೆಟ್ಟಿಗೆಯಿಂದ ಬೇಡದ ಪಾತ್ರೆಗಳನ್ನೆಲ್ಲ ಹೊರಗೆ ತೆಗೆಯತೊಡಗಿದಳು.

ದೊಡ್ಡತಾಯಮ್ಮನ ಮಗ ಸಿದ್ದರಾಜು ಹೊಲದಿಂದ ಬಂದು ಜೀಪನ್ನು ಎರಡು ಸುತ್ತು ಹಾಕಿದ. "ಭಾವ, ಬೆಟ್ಟಾನೇ ಹತ್ತುಸ್ಬುಡ್ಬೋದು ಇದ್ನ!" ಎಂದ. ಹೊಲದ ಅಂಚಿಗೆ ಸೋಲಾರ್ ಬೇಲಿ, ಅದರಾಚೆ ಆನೆಯ ಕಂದಕ, ಅದರಾಚೆ ಕಾಡು. ಹುಣಸೆಮರದ ಕೆಳಗೆ ಬಿಡಾರ ಹೂಡುವುದೆಂದು ನಾನು ನಿರ್ಧರಿಸಿ, ಟಾರ್ಪಾಲನ್ನು ಬಿಚ್ಚಿದೆ. ಆದರೆ ದೊಡ್ಡತಾಯಮ್ಮನಿಗೆ ಜೀಪಿನ ಒಳಗನ್ನು ನೋಡಬೇಕಾಗಿತ್ತು. ನಮ್ಮ ಮನೆಯಲ್ಲಿ ಮಾಡುತ್ತಿದ್ದಂತೆಯೇ ಜೀಪಿನ ಹಿಂಭಾಗವನ್ನು ಜಗಲಿಗೆ ತಾಗಿಸಿ ನಿಲ್ಲಿಸಿದೆ. ಅವರು ಕುಳಿತಲ್ಲಿಂದಲೇ ಸರಿಯುತ್ತ ಸರಿಯುತ್ತ ಹಲಗೆಯ ಹಾಸಿಗೆಗೆ ಬಂದರು. ಹಿಂದೆಯೇ ಅತ್ತೆಯೂ ಬಂದರು. ಮುದ್ದೆ, ಹುರುಳಿಯ ಬಸ್ಸಾರು ಸಹ ಅಲ್ಲಿಗೇ ಹೋದವು. ನನ್ನ ಉದ್ದಕ್ಕೆ ಮೂರು ಅಂಗುಲ ಸೇರಿಸಿ ಮಾಡಿಸಿದ್ದ ಹಾಸಿಗೆಯಲ್ಲಿ ಅಕ್ಕತಂಗಿಯರು ಮಲಗಿದರು. ಬಿಡಾರದ ಯಜಮಾನನಾದ ನಾನು ಸಿದ್ದರಾಜುವಿನ ಮನೆಯೊಳಗೆ ಚಾಪೆಯ ಮೇಲೆ ಮಲಗಿದೆ.

ಭಾನುವಾರ ಬೆಳಿಗ್ಗೆ ಎದ್ದು ಬಂದಾಗ ಇಬ್ಬರೂ ಆಗಲೇ ಎಲೆಯಡಿಕೆ ಹಾಕಿಕೊಂಡು ಕುಳಿತಿದ್ದರು. ಬೆಟ್ಟದ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ.

"ಅಳಿಮಯ್ಯ, ಇದು ಒಲ್ದೊಳಕ್ಕೆ ಓಯ್ತದಾ?" ಎಂದು ಕೇಳಿದರು ದೊಡ್ಡತಾಯಮ್ಮ.

"ಹೋಗುತ್ತದೆ," ಎಂದೆ.

ಸಿದ್ದರಾಜು, "ಯಾಕವ್ವ ಅಲ್ಲೆಲ್ಲ, ಕೆಸ್ರು," ಎಂದು ಅಡ್ಡ ಬಂದ. ನಾನು ಅದಕ್ಕೇ ಮಾಡಿಸಿದ ಜೀಪೆಂದು ಹೇಳಿ ಹೊರಟೆ. ಎರಡು ವರ್ಷ ಜಗಲಿಯನ್ನು ಬಿಟ್ಟು ಕದಲದಿದ್ದ ಹೆಂಗಸು, ಜೀಪಿನ ಹಿಂದಿನಿಂದ ತಲೆ ಹೊರಗೆ ಹಾಕಿ ತಮ್ಮ ಹೊಲದ ಬದುಗಳನ್ನು ಒಂದೊಂದಾಗಿ ನೋಡುತ್ತ ಬಂದರು. ಬೇಲಿಯ ಬಳಿಯ ಕೊನೆಯ ಪಟ್ಟೆಯನ್ನು ತಲುಪಿದಾಗ ಸಿದ್ದರಾಜು ಏಕೆ ಅಡ್ಡ ಬಂದನೆಂಬುದು ತಿಳಿಯಿತು.

"ಏನ್ಲಾ ಇದು? ಕಳೆ ಕಿತ್ತಾಯ್ತು ಅಂದಿದ್ಯಲ್ಲಾ! ನನ್ಗಿಂತ ಎತ್ರ ಬೆಳ್ದದೆ!"

"ಕೀಳ್ತೀನಿ ಕಣವ್ವ, ನಾಳಿಕ್ಕೆ..."

"ನಾನು ಜಗ್ಲೀಲಿ ಕೂತಿವ್ನಿ, ಕಾಣಾಕಿಲ್ಲ ಅನ್ಕಂಡಿದ್ದಾ? ಮುಂದಿನ್ ತಿಂಗ್ಳು ಮತ್ತೆ ಬತ್ತೀನಿ ನೋಡಕ್ಕೆ. ಇದೇ ಜೀಪಲ್ಲಿ!"

ನಾನು ಜೀಪನ್ನು ಮನೆಯತ್ತ ತಿರುಗಿಸಿದೆ. ಮಂಗಳೆ ಕೈಗಡಿಯಾರ ನೋಡಿಕೊಂಡಳು.

ಜೀಪನ್ನು ಮತ್ತೆ ಜಗಲಿಗೆ ತಾಗಿಸಿದಾಗ ಅಕ್ಕ ಸರಿದು ಇಳಿದರು. ತಂಗಿ ಇಳಿಯಲೇ ಇಲ್ಲ. ಹಳ್ಳವನ್ನು ದಾಟುವವರೆಗೂ ಅತ್ತೆ ಹಿಂದಕ್ಕೇ ನೋಡುತ್ತಿದ್ದರು.

ಹತ್ತು ಗಂಟೆಗೆ ಸರಿಯಾಗಿ ಗುಂಡ್ಲುಪೇಟೆಯಲ್ಲಿ ಪುಟ್ಟಸ್ವಾಮಿಯವರ ಅಂಗಡಿಯ ಮುಂದೆ ನಿಲ್ಲಿಸಿದೆ. 'ಎಲ್ಲಾ ಬಗೆಯ ತರಕಾರಿಗಳು ದೊರೆಯುತ್ತದೆ' ಎಂಬ ಫಲಕವಿತ್ತು. ಬೇರೆ ದಿನವಾಗಿದ್ದರೆ 'ದೊರೆಯುತ್ತವೆ' ಎಂದು ತಿದ್ದಿಸದೆ ಒಳಕ್ಕೆ ಕಾಲಿಡುತ್ತಿರಲಿಲ್ಲ, ಅಂದು ಸುಮ್ಮನಿದ್ದೆ. ಪುಟ್ಟಸ್ವಾಮಿಯವರು ಕೇರಳದ ಯಾರೊಂದಿಗೋ ಫೋನಿನಲ್ಲಿ "ಶರಿ, ಶರಿ" ಎನ್ನುತ್ತಲೇ ಬಂದು, ಟೈರುಗಳನ್ನು ಒದ್ದು, ಸ್ಪ್ರಿಂಗನ್ನು ಅದುಮಿ ನೋಡಿದರು. ಮುಖ ಅರಳಿತು.

"ಮಳೇಲಿ ಒಲದಿಂದ ಕೋಸು ಎಳ್ಕಂಬರಕ್ಕೆ ಇಂಥದ್ದೇ ಬೇಕಿತ್ತು ಮೇಷ್ಟ್ರೇ. ಆ ಅಲ್ಗೆ ಪಲ್ಗೆ ಎಲ್ಲಾನೂ ಕಿತ್ತಾಕ್ಬುಟ್ರೆ ಜಾಗಾನೂ ಆಯ್ತದೆ. ಅವ್ವಾ, ಇಳೀರವ್ವ."

ಹಲಗೆಯ ಮೇಲೆ ಕುಳಿತಿದ್ದ ಅತ್ತೆ ಕದಲಲಿಲ್ಲ.

"ಸ್ಟೂಲಿಲ್ಲ ಕಣಪ್ಪ. ಎಂಗಿಳೀಲಿ?"

ಮಂಗಳೆ ಹಿಂದೆಲ್ಲ ಹುಡುಕಿದಳು. "ಅವ್ವ, ಸ್ಟೂಲ್ ಎಲ್ಲಿ? ಮರ್ತ್ಬುಟ್ಯಾ?"

"ಮರೀನಿಲ್ಲ. ಅಕ್ಕನ್ ಮನೇಲಿ ಬುಟ್ಟೆ. ಮುಂದಿನ್ ಸಲ ಓದಾಗ ಇರ್ಲಿ ಅಂತ."

ಪುಟ್ಟಸ್ವಾಮಿಯವರು ಟೊಮಾಟೊ ತುಂಬುವ ಖಾಲಿ ಕ್ರೇಟೊಂದನ್ನು ತಾವೇ ತಂದು ಕವುಚಿ ಹಾಕಿದರು. ಅದರ ಪಕ್ಕಕ್ಕೆ ಆಯುಧಪೂಜೆಯಲ್ಲಿ ಇಟ್ಟ ಕುಂಕುಮದ ಬೊಟ್ಟು ಇನ್ನೂ ಅಳಿಸಿರಲಿಲ್ಲ.

"ಅನ್ನ ಕೊಡೋ ಪೆಟ್ಗೆ ಕಣಪ್ಪ ಅದು. ನೀನೇ ಪೂಜೆ ಮಾಡ್ಬುಟ್ಟು, ನನ್ಗೆ ಕಾಲ್ ಇಡು ಅಂತಿದ್ದೀಯಲ್ಲ?" ಎಂದರು ಅತ್ತೆ.

ಪುಟ್ಟಸ್ವಾಮಿಯವರು ಬೊಟ್ಟನ್ನು ನೋಡಿ, ಕ್ರೇಟನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡರು. "ಉಡುಗ್ರು ಕೈಲಿ ಎತ್ತಿ ಇಳುಸ್ಲಾ ಅಂಗಾರೆ?"

"ನಾನೇನ್ ಕೋಸಿನ್ ಮೂಟೆಯಾ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ. ಮಾತು ಕೊಟ್ಟದ್ದು ನಾನು. ಅತ್ತೆಯ ಹಟವನ್ನು ಆ ಮಾತಿಗೆ ಅಡ್ಡ ಹಿಡಿಯುವುದು ನನಗೆ ಸರಿಯೆನಿಸಲಿಲ್ಲ. ಕೀಲಿಯನ್ನು ತೆಗೆದು ಪುಟ್ಟಸ್ವಾಮಿಯವರ ಮೇಜಿನ ಮೇಲಿಟ್ಟೆ. ಅದನ್ನು ಮಂಗಳೆ ಎತ್ತಿಕೊಂಡಳು.

"ಅಣ್ಣ, ಮಾತು ಕೊಟ್ಟವ್ರು ಇವ್ರು, ಕೊಡುಸ್ದೋಳು ನಾನು. ಒಂದು ವಾರ ಟೈಮ್ ಕೊಡಿ. ನಾನೇ ಫೋನ್ ಮಾಡಿ ಹೇಳ್ತೀನಿ."

ಪುಟ್ಟಸ್ವಾಮಿಯವರು ಜೀಪಿನೊಳಗೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ ಅತ್ತೆಯನ್ನು ನೋಡಿದರು. "ಒಂದ್ ವಾರ ಕಣಕ್ಕ. ಆಮ್ಯಾಕೆ ಬ್ಯಾರೆ ಗಾಡಿ ನೋಡ್ಕತೀನಿ," ಎಂದರು. ಟೀ ತರಿಸಿ, ಅತ್ತೆಗೆ ಅದನ್ನು ಜೀಪಿಗೇ ಕೊಟ್ಟು ಕಳುಹಿಸಿದರು.

ತೆರಕಣಾಂಬಿಯನ್ನು ದಾಟಿದೆವು. ಆಮೇಲೆ ಮಂಗಳೆ ರಸ್ತೆಯನ್ನೇ ನೋಡುತ್ತ, "ಆ ಮೆಟ್ಲು ಕಲ್ಲಿಗೆ ತಗಲ್ದಂಗೆ ಮಾಡಕ್ಕಾಗಲ್ವಾ?" ಎಂದು ಕೇಳಿದಳು. ಸರಪಳಿಯಿಂದ ತೂಗುಬಿಟ್ಟರೆ ಕಲ್ಲು ಬಂದಾಗ ಮೇಲೆತ್ತಿ ಕೊಂಡಿಗೆ ಸಿಕ್ಕಿಸಬಹುದೆಂದು ನಾನು ಉತ್ತರಿಸಿದೆ. ಹಿಂದಿನಿಂದ ಅತ್ತೆ, "ಅಂಗೇ ಮಾಡ್ಸಿ," ಎಂದರು. ಇಳಿಸುವ ಉಪಾಯವಿಲ್ಲದ್ದರಿಂದ ಹರವೆಯಲ್ಲಿ ನಿಲ್ಲಿಸಲಿಲ್ಲ. ಅವರನ್ನು ಚಾಮರಾಜನಗರದ ನಮ್ಮ ಮನೆಯ ಜಗಲಿಗೇ ಇಳಿಸಿದೆವು. ಆ ವಾರವೆಲ್ಲ ಅವರು ನಮ್ಮಲ್ಲಿಯೇ ಉಳಿದರು.

ಮೆಟ್ಟಿಲಿನ ಎತ್ತರವನ್ನು ಈ ಸಲ ನಾನು ನಿರ್ಧರಿಸಲಿಲ್ಲ. ಅತ್ತೆ ಗೋಡೆ ಹಿಡಿದು, ನೋವಾಗದಷ್ಟು ಕಾಲೆತ್ತಿ ನಿಂತರು, ಮಂಗಳೆ ಟೇಪು ಹಿಡಿದಳು, ನಾನು ಬರೆದುಕೊಂಡೆ. ವೆಲ್ಡಿಂಗ್ ಅಂಗಡಿಯಿಂದ ಬಂದ ಜೀಪನ್ನು ಜಗಲಿಯಿಂದ ದೂರ, ಅಂಗಳದ ನಡುವೆ ನಿಲ್ಲಿಸಿದೆ. ಅತ್ತೆ ಯಾರ ಕೈಯನ್ನೂ ಹಿಡಿಯದೆ ಹತ್ತಿದರು, ಇಳಿದರು, ನಂಬಿಕೆ ಸಾಲದೆಂಬಂತೆ ಮತ್ತೊಮ್ಮೆ ಹತ್ತಿದರು. "ಅಕ್ಕನ್ ಒಲ ನೋಡಕ್ಕೆ ಯಾವಾಗ ಓಗನ?" ಎಂದು ಒಳಗಿನಿಂದಲೇ ಕೇಳಿದರು. ಮಂಗಳೆ ಒಳಗೆ ಹೋಗಿ ಪುಟ್ಟಸ್ವಾಮಿಯವರಿಗೆ ಫೋನು ಮಾಡಿ, ಜೀಪನ್ನು ಮಾರುವುದಿಲ್ಲವೆಂದು ತಿಳಿಸಿದಳು. ಅಂದು ಎರಡು ಸಾವಿರದ ಆರನೆಯ ಇಸವಿಯ ನವೆಂಬರ್ ಹತ್ತೊಂಬತ್ತು, ಭಾನುವಾರ.